ಪದ್ಯ ಹಳೆಯದು, ಅರ್ಥ ನಿಮ್ಮದು: ಚಿತ್ರಾಂಗದೆಯನ್ನು ಕ್ವಿಯರ್ ಕಣ್ಣಿನಿಂದ ಕಟ್ಟುವುದು ಹೇಗೆ

ತಾಳಮದ್ದಲೆ, ಅಂದರೆ ವೇಷ ಕುಣಿತ ಇಲ್ಲದ ಮಾತಿನ ಯಕ್ಷಗಾನದ ಕೂಟ ಮಾಡುವ ಗೆಳೆಯರ ಗುಂಪು ನಿಮಗಿದ್ದರೆ, ಅಥವಾ ಕಾಲೇಜಿನಲ್ಲಿ ನಾಟಕ ಮಾಡಿಸುವವರು ನೀವಾಗಿದ್ದರೆ, ಪುರಾಣದ ಪಾತ್ರವೊಂದನ್ನು ಕ್ವಿಯರ್ ಕಣ್ಣಿನಿಂದ, ಅಂದರೆ ಸಲಿಂಗಿ, ಟ್ರಾನ್ಸ್ ಜನರ ಬದುಕಿನ ಕಡೆಯಿಂದ, ಮತ್ತೆ ಕಟ್ಟಿ ನೋಡಬೇಕು ಅನ್ನುವ ಆಸೆ ಒಂದಲ್ಲ ಒಂದು ಸಲ ಬಂದಿರುತ್ತದೆ. ಹಿಂದೆಯೇ ಭಯವೂ ಬರುತ್ತದೆ. ಊರವರು ಏನಂತಾರೆ? ಪದ್ಯ ಹಾಡುವ ಭಾಗವತರು ಒಪ್ತಾರಾ? ಕತೆ ಕೆಡಿಸಿದರು ಅನ್ನಿಸಿಕೊಳ್ಳಬೇಕಾ? ಈ ಬರಹ ಹಾಗೆ ಹಿಂದೆ ಮುಂದೆ ನೋಡುತ್ತಿರುವವರಿಗೆ.

ಇದು ಯಾಕೆ ಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದ ಮಕ್ಕಳಿಗೆ ಪ್ರೀತಿ, ಸಿಟ್ಟು, ಹಟ, ಸಾವು ಎಲ್ಲದಕ್ಕೂ ಒಂದೊಂದು ಪಾತ್ರ ಗೊತ್ತಿರುತ್ತದೆ. ಅಭಿಮನ್ಯು ಗೊತ್ತು, ಕರ್ಣ ಗೊತ್ತು, ದಮಯಂತಿ ಗೊತ್ತು. ಆದರೆ ಶಿರಸಿಯಲ್ಲೋ ಅಂಕೋಲಾದಲ್ಲೋ ಬೆಳೆದ ಹುಡುಗನಿಗೆ ಇನ್ನೊಬ್ಬ ಹುಡುಗನ ಮೇಲೆ ಮನಸ್ಸಾದರೆ, ಹೆಣ್ಣಾಗಿ ಹುಟ್ಟಿದವರಿಗೆ ತಾನು ಹೆಣ್ಣಲ್ಲ ಅನ್ನಿಸಿದರೆ, ಅವರ ಪಾಲಿಗೆ ಪಾತ್ರ ಇರುವುದಿಲ್ಲ. ಇದ್ದರೂ ಹಾಸ್ಯಕ್ಕೆ ಇರುತ್ತದೆ. ಇದು ಸಣ್ಣ ನಷ್ಟ ಅಲ್ಲ.

ಉದಾಹರಣೆಗೆ ನಾನು ಚಿತ್ರಾಂಗದೆಯನ್ನು ತೆಗೆದುಕೊಳ್ಳುತ್ತೇನೆ. ಅರ್ಜುನನ ಹೆಂಡತಿ, ಬಭ್ರುವಾಹನನ ತಾಯಿ, ಮಣಿಪುರದ ರಾಜಕುಮಾರಿ. ಬಭ್ರುವಾಹನ ಕಾಳಗ ನಮ್ಮ ಕಡೆ ಗೊತ್ತಿಲ್ಲದವರು ಕಡಿಮೆ, ಹಾಗಾಗಿ ಕತೆ ಹೇಳಿಕೊಡುವ ಕೆಲಸ ತಪ್ಪುತ್ತದೆ. ಇನ್ನೊಂದು ಕಾರಣ, ಇವಳನ್ನು ಬೇರೆ ಬೇರೆ ಕಾಲದ ದೊಡ್ಡ ಕಲಾವಿದರು ಮತ್ತೆ ಮತ್ತೆ ಕಟ್ಟಿದ್ದಾರೆ, ನಮಗೆ ನೋಡಿ ಕಲಿಯಲು ಸಿಗುತ್ತದೆ. ಅವರಲ್ಲಿ ಒಬ್ಬರ ಹೆಸರು ಕಾರವಾರದ ಕಡಲತೀರಕ್ಕೇ ಇದೆ.

ಮೊದಲು ಮೂಲ ಓದಿ

ಕೇಳಿದ ಕತೆಯಿಂದ ಶುರು ಮಾಡಬೇಡಿ. ವ್ಯಾಸಭಾರತದ ಆದಿಪರ್ವದಲ್ಲಿ ಅರ್ಜುನನ ವನವಾಸದ ಭಾಗ ತೆರೆಯಿರಿ. ಕನ್ನಡ ಗದ್ಯ ಅನುವಾದ ಸಾಕು. ಚಿತ್ರಾಂಗದೆಯ ಸಂಗತಿ ಅಲ್ಲಿ ಕೆಲವೇ ಶ್ಲೋಕಗಳಲ್ಲಿ ಮುಗಿದುಹೋಗುತ್ತದೆ. ಒಂದು ಹಾಳೆ ತೆಗೆದುಕೊಂಡು ಎಡಗಡೆ ಮೂಲ ಏನು ಹೇಳುತ್ತದೆ ಅಂತ ಬರೆಯಿರಿ, ಬಲಗಡೆ ಏನು ಹೇಳುವುದಿಲ್ಲ ಅಂತ ಬರೆಯಿರಿ.

ಎಡಗಡೆ ಬರುವುದು ಇಷ್ಟು. ಮಣಿಪುರದ ರಾಜ ಚಿತ್ರವಾಹನ. ಅವನ ವಂಶದಲ್ಲಿ ಶಿವನ ವರದಿಂದ ತಲೆಮಾರಿಗೆ ಒಂದೇ ಮಗು. ಹಿಂದಿನವರಿಗೆಲ್ಲ ಗಂಡಾಯಿತು, ಇವನಿಗೆ ಹೆಣ್ಣಾಯಿತು. ಇವಳನ್ನು ನಾನು ಮಗ ಅಂತಲೇ ಭಾವಿಸಿದ್ದೇನೆ ಅಂತ ರಾಜ ಅರ್ಜುನನಿಗೆ ಹೇಳುತ್ತಾನೆ. ಇವಳಿಗೆ ಹುಟ್ಟುವ ಗಂಡುಮಗು ನನ್ನ ವಂಶಕ್ಕೆ ಸೇರಬೇಕು, ಅದೇ ಕನ್ಯಾಶುಲ್ಕ ಅಂತ ಷರತ್ತು ಹಾಕುತ್ತಾನೆ. ಅರ್ಜುನ ಒಪ್ಪುತ್ತಾನೆ, ಮೂರು ವರ್ಷ ಇರುತ್ತಾನೆ, ಹೊರಡುತ್ತಾನೆ.

ಬಲಗಡೆ? ಚಿತ್ರಾಂಗದೆಯ ಒಂದು ಮಾತೂ ಅಲ್ಲಿಲ್ಲ. ಮಗ ಅಂತ ಕರೆಸಿಕೊಂಡು ಬೆಳೆದ ಇವಳಿಗೆ ಏನನ್ನಿಸುತ್ತಿತ್ತು? ಗೊತ್ತಿಲ್ಲ. ಬಿಲ್ಲು ಹಿಡಿದಳಾ, ಗಂಡುಡುಗೆ ತೊಟ್ಟಳಾ? ಆದಿಪರ್ವದಲ್ಲಿ ಇಲ್ಲ. ಇದು ಮುಖ್ಯ, ಯಾಕೆಂದರೆ ಚಿತ್ರಾಂಗದೆ ಅಂದಕೂಡಲೇ ಗಂಡಿನ ಹಾಗೆ ಬೆಳೆದ ವೀರೆ ಅಂತ ನಮ್ಮ ತಲೆಗೆ ಬರುತ್ತದಲ್ಲ, ಅದು ಬಹುಮಟ್ಟಿಗೆ ಕವಿ ರವೀಂದ್ರನಾಥ ಟಾಗೋರರು ಕೊಟ್ಟ ರೂಪ. ವ್ಯಾಸರ ಹೆಸರಿನಲ್ಲಿ ಅದನ್ನು ಹೇಳಿದರೆ ಕೂಟದಲ್ಲಿ ಓದಿಕೊಂಡ ಹಿರಿಯರೊಬ್ಬರು ಎದ್ದು ಒಂದೇ ಪ್ರಶ್ನೆಯಲ್ಲಿ ನಿಮ್ಮನ್ನು ಕೂರಿಸಿಬಿಡುತ್ತಾರೆ.

ಆದಿಪರ್ವಕ್ಕೇ ನಿಲ್ಲಬೇಡಿ. ಅಶ್ವಮೇಧಿಕ ಪರ್ವದಲ್ಲಿ ಅವಳು ಕೊನೆಗೂ ಮಾತಾಡುತ್ತಾಳೆ. ಮಗನ ಬಾಣಕ್ಕೆ ಅರ್ಜುನ ಬಿದ್ದಾಗ ಅವನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿಯ ಎದುರು ನಿಂತು, ಇವನನ್ನು ಬದುಕಿಸದಿದ್ದರೆ ಅನ್ನ ಬಿಟ್ಟು ಇಲ್ಲೇ ಸಾಯುತ್ತೇನೆ ಅನ್ನುತ್ತಾಳೆ. ಆಮೇಲೆ ಹಸ್ತಿನಾವತಿಗೆ ಬರುತ್ತಾಳೆ. ಪಾಂಡವರು ಕೊನೆಯ ಪ್ರಯಾಣಕ್ಕೆ ಹೊರಟಾಗ ಉಲೂಪಿ ಗಂಗೆಗೆ ಇಳಿಯುತ್ತಾಳೆ, ಚಿತ್ರಾಂಗದೆ ಮಣಿಪುರದ ದಾರಿ ಹಿಡಿಯುತ್ತಾಳೆ. ಒಂದೇ ಸಾಲು. ಆದರೆ ನಿಮಗೆ ಮುಂದೆ ಕೆಲಸಕ್ಕೆ ಬರುವ ಸಾಲು.

ಆಮೇಲೆ ಬೇರೆಯವರು ಏನು ಮಾಡಿದರು ನೋಡಿ

ಕನ್ನಡದವರಿಗೆ ಲಕ್ಷ್ಮೀಶನ ಜೈಮಿನಿ ಭಾರತ ಇದೆ. ಅಲ್ಲಿಂದಲೇ ಆಟಕ್ಕೂ, 1977ರಲ್ಲಿ ರಾಜ್‌ಕುಮಾರ್ ಅರ್ಜುನ ಮತ್ತು ಬಭ್ರುವಾಹನ ಎರಡೂ ಆಗಿ ನಟಿಸಿದ ಸಿನಿಮಾಕ್ಕೂ ಆ ಕತೆ ಗಟ್ಟಿಯಾಗಿ ಬಂದದ್ದು. ಇವುಗಳಲ್ಲಿ ಅಪ್ಪ-ಮಗನ ಜಟಾಪಟಿಯೇ ಜಾಸ್ತಿ. ತಾಯಿಯ ಶೀಲದ ಮೇಲೆ ಅರ್ಜುನ ಆಡುವ ಮಾತು ಕಿಡಿ ಹೊತ್ತಿಸುತ್ತದೆ, ಆ ಕಿಡಿಯಲ್ಲಿ ಮಗ ಉರಿಯುತ್ತಾನೆ, ಆದರೆ ಮಾತು ಬಿದ್ದದ್ದು ಯಾರ ಮೇಲೋ ಅವಳು ಬದಿಗೆ ನಿಂತಿರುತ್ತಾಳೆ.

ಟಾಗೋರರ ಚಿತ್ರಾಂಗದಾ 1892ರದ್ದು. ಇಲ್ಲಿ ಒಂದು ಎಚ್ಚರ: ಅವರು ಕಾರವಾರಕ್ಕೆ ಬಂದದ್ದು ಅದಕ್ಕೂ ಮುಂಚೆ, 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ. ಆಗ ಇಲ್ಲಿ ಬರೆದ ನಾಟಕ ಪ್ರಕೃತಿರ್ ಪ್ರತಿಶೋಧ್. ಚಿತ್ರಾಂಗದಾ ಇಲ್ಲಿ ಹುಟ್ಟಲಿಲ್ಲ. ಪೋಸ್ಟರಿನಲ್ಲಿ ಹಾಗೆ ಹಾಕುವ ಆಸೆ ಆಗಬಹುದು, ಹಾಕಬೇಡಿ. ಕಾರವಾರದ ಸಮುದ್ರವನ್ನೂ ಕಾಳಿ ನದಿಯ ಬೆಳದಿಂಗಳನ್ನೂ ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ, ಊರಿನ ಅಭಿಮಾನಕ್ಕೆ ಅಷ್ಟು ಸಾಕಲ್ವಾ.

ಅವರ ನಾಟಕದಲ್ಲಿ ಅವಳು ಗಂಡುಡುಗೆಯ ಬಿಲ್ಲುಗಾರ್ತಿ. ಕಾಡಿನಲ್ಲಿ ಅರ್ಜುನನನ್ನು ನೋಡುತ್ತಾಳೆ. ಅವನು ಇವಳನ್ನು ಹುಡುಗ ಅಂದುಕೊಂಡು ನಕ್ಕುಬಿಡುತ್ತಾನೆ. ಮಾರನೆಯ ದಿನ ಹೆಣ್ಣುಡುಗೆ ತೊಟ್ಟು ಹೋಗಿ ಕೇಳಿದರೆ, ನನಗೆ ಬ್ರಹ್ಮಚರ್ಯದ ವ್ರತ ಅನ್ನುತ್ತಾನೆ. ಆಗ ಅವಳು ಮದನ, ವಸಂತರ ಬಳಿ ಹೋಗಿ ಚೆಲುವು ಬೇಡುತ್ತಾಳೆ. ಒಂದು ವರ್ಷದ ಮಟ್ಟಿಗೆ ಸಿಗುತ್ತದೆ. ಅರ್ಜುನ ಒಲಿಯುತ್ತಾನೆ. ಇವಳ ಸಂಕಟ ಶುರುವಾಗುವುದೇ ಅಲ್ಲಿಂದ, ಯಾಕೆಂದರೆ ಅವನು ಒಲಿದದ್ದು ಸಾಲ ತಂದ ದೇಹಕ್ಕೆ, ಅದೇ ದೇಹ ಇವಳ ಸವತಿಯಾಗಿ ಕೂತಿದೆ. ಅಷ್ಟರಲ್ಲಿ ಅರ್ಜುನನಿಗೆ ಊರವರಿಂದ ವೀರೆ ಚಿತ್ರಾಂಗದೆಯ ಸುದ್ದಿ ಸಿಗುತ್ತದೆ, ಅವಳನ್ನು ನೋಡಬೇಕು ಅನ್ನಿಸುತ್ತದೆ. ವರ್ಷ ಮುಗಿದಾಗ ಅವಳು ಇದ್ದ ಹಾಗೇ ಅವನೆದುರು ನಿಲ್ಲುತ್ತಾಳೆ. ಪೂಜೆ ಮಾಡಬೇಡ, ಕಡೆಗಣಿಸಲೂ ಬೇಡ, ಪಕ್ಕದಲ್ಲಿ ನಿಲ್ಲಿಸಿಕೋ ಅನ್ನುವ ಧಾಟಿಯ ಮಾತು ಅವಳದು. 1936ರಲ್ಲಿ ಇದೇ ನೃತ್ಯನಾಟಕವಾಯಿತು. ಅದರಲ್ಲಿ ಕುರೂಪಾ, ಸುರೂಪಾ ಅಂತ ಅವಳ ಎರಡು ರೂಪಗಳಿಗೆ ಇಬ್ಬರನ್ನು ಕುಣಿಸುವ ರೂಢಿ ಇದೆ. ರಂಗದ ಈ ಉಪಾಯ ನೆನಪಿಟ್ಟುಕೊಳ್ಳಿ.

ಋತುಪರ್ಣೋ ಘೋಷ್ 2012ರಲ್ಲಿ ಇದನ್ನೇ ಹಿಡಿದು ಚಿತ್ರಾಂಗದಾ ಅನ್ನುವ ಬಂಗಾಳಿ ಸಿನಿಮಾ ಮಾಡಿದರು, ಮುಖ್ಯ ಪಾತ್ರವನ್ನೂ ತಾವೇ ಮಾಡಿದರು. ಅದರ ರುದ್ರ ಅನ್ನುವ ನೃತ್ಯ ನಿರ್ದೇಶಕ ಟಾಗೋರರ ಚಿತ್ರಾಂಗದೆಯನ್ನೇ ರಂಗಕ್ಕೆ ತರುತ್ತಿರುತ್ತಾನೆ. ಡ್ರಮ್ಸ್ ಬಾರಿಸುವ ಪಾರ್ಥೋ ಮೇಲೆ ಅವನಿಗೆ ಪ್ರೀತಿ. ಹೆಸರು ಗಮನಿಸಿ, ಪಾರ್ಥ ಅಂದರೆ ನಮ್ಮ ಅರ್ಜುನನೇ. ಇಬ್ಬರು ಗಂಡಸರು ಜೊತೆಯಾಗಿ ಮಗು ದತ್ತು ತೆಗೆದುಕೊಳ್ಳಲು ಆಗುವುದಿಲ್ಲ ಅಂತ ರುದ್ರ ಲಿಂಗಬದಲಾವಣೆಯ ಶಸ್ತ್ರಚಿಕಿತ್ಸೆಗೆ ಹೊರಡುತ್ತಾನೆ. ಮದನನ ವರ ಇದ್ದ ಜಾಗದಲ್ಲಿ ಆಸ್ಪತ್ರೆ ಬಂದಿದೆ. ಯಾರಿಗೋಸ್ಕರ ಈ ದೇಹ ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಅದಕ್ಕೇ ಈ ಸಿನಿಮಾ ನನಗೆ ತುಂಬಾ ಇಷ್ಟ. ಹೊಸ ಮಾತು ಹೇಳಲು ಹಳೆಯ ಕತೆಯನ್ನು ಒಡೆಯಲಿಲ್ಲ, ಅದರೊಳಗೇ ಇದ್ದ ಪ್ರಶ್ನೆಯನ್ನು ಇನ್ನೊಂದು ಬದುಕಿಗೆ ಕೇಳಿದರು.

ಒಂದೇ ಸಂದು ಹಿಡಿಯಿರಿ

ಈಗ ನಿಮ್ಮ ಹಾಳೆಯ ಬಲಗಡೆಗೆ ವಾಪಸ್ ಬನ್ನಿ. ಅಲ್ಲಿರುವ ಮೌನಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಹಿಡಿಯಲು ಹೋದರೆ ಕೂಟ ಭಾಷಣ ಆಗುತ್ತದೆ. ನನಗೆ ಕಾಣುವ ಮೂರು ದಾರಿ ಹೇಳುತ್ತೇನೆ, ನಿಮಗೆ ಬೇರೆ ಕಂಡರೆ ಅದೇ ಒಳ್ಳೆಯದು.

ಮೊದಲನೆಯದು ಮಗ ಅನ್ನುವ ಮಾತು. ತಂದೆ ಇವಳನ್ನು ಮಗ ಅಂದದ್ದು ವಂಶದ ಲೆಕ್ಕಕ್ಕೆ. ಆದರೆ ಮಗುವಿಗೆ ಆ ಮಾತು ನಿಜವಾಗಿಬಿಟ್ಟಿದ್ದರೆ? ಟ್ರಾನ್ಸ್ ಗಂಡಸಿನ, ಅಂದರೆ ಹೆಣ್ಣು ಅಂತ ಬೆಳೆಸಿದರೂ ತಾನು ಗಂಡು ಅಂತ ಗೊತ್ತಿರುವವನ, ಕತೆಯಾಗಿ ಓದಲು ಇದು ನೇರವಾದ ದಾರಿ. ಎರಡನೆಯದು ಉಲೂಪಿ. ಒಬ್ಬನನ್ನೇ ಮದುವೆಯಾದ ಇಬ್ಬರು ಹೆಂಗಸರು, ಅವನು ಇಬ್ಬರನ್ನೂ ಬಿಟ್ಟು ವರ್ಷಗಟ್ಟಲೆ ದೂರ, ಕೊನೆಗೆ ಇಬ್ಬರೂ ಒಂದೇ ಅರಮನೆಯಲ್ಲಿ. ಜಗಳದಿಂದ ಶುರುವಾದ ಅವರ ಸಂಬಂಧ ಆಮೇಲೆ ಏನಾಯಿತು ಅಂತ ವ್ಯಾಸರು ಬಿಡಿಸಿ ಹೇಳುವುದಿಲ್ಲ.

ಮೂರನೆಯದು ನನ್ನ ಮೆಚ್ಚಿನದು. ಟಾಗೋರರ ಚಿತ್ರಾಂಗದೆ ಒಂದು ವರ್ಷ ತನ್ನದಲ್ಲದ ಹೆಣ್ಣುರೂಪದಲ್ಲಿ ಬದುಕಿದಳು. ಅದೇ ಅರ್ಜುನ ಮುಂದೆ ವಿರಾಟನ ಮನೆಯಲ್ಲಿ ಒಂದು ವರ್ಷ ಬೃಹನ್ನಳೆಯಾಗಿ ಬದುಕಿದ. ಇಬ್ಬರಿಗೂ ಒಂದೊಂದು ವರ್ಷ. ಇನ್ನೂ ಒಂದು ವಿಷಯ ಇದೆ. ಬಿಲ್ಲಿನ ಹೆದೆ ತಾಗಿ ತಾಗಿ ತೋಳಿನ ಮೇಲೆ ಆದ ಕಲೆಗಳನ್ನು ಬಳೆಗಳಿಂದ ಮುಚ್ಚಿಕೊಳ್ಳುತ್ತೇನೆ ಅಂತ ಅರ್ಜುನ ವಿರಾಟಪರ್ವದಲ್ಲಿ ಹೇಳುತ್ತಾನೆ. ಬಿಲ್ಲುಗಾರ್ತಿಯಾದ ಚಿತ್ರಾಂಗದೆಯ ತೋಳಿನಲ್ಲೂ ಅದೇ ಕಲೆ ಇರಲೇಬೇಕು. ಅಶ್ವಮೇಧದ ಕುದುರೆಯ ಹಿಂದೆ ಅವನು ಮಣಿಪುರಕ್ಕೆ ಬರುವ ಹೊತ್ತಿಗೆ ಆ ವರ್ಷ ಕಳೆದು ಎಷ್ಟೋ ಕಾಲವಾಗಿದೆ. ಇವರಿಬ್ಬರೂ ಅದರ ಬಗ್ಗೆ ಮಾತಾಡಿಕೊಂಡರೆ ಏನು ಮಾತಾಡಬಹುದು?

ಯಾವ ದಾರಿ ಹಿಡಿದರೂ ಒಂದು ನಿರ್ಧಾರ ಮೊದಲೇ ಮಾಡಿ. ನಿಮ್ಮ ಚಿತ್ರಾಂಗದೆ ಟ್ರಾನ್ಸ್ ಗಂಡಸಾ, ಹೆಣ್ಣನ್ನು ಪ್ರೀತಿಸುವ ಹೆಣ್ಣಾ, ಅಥವಾ ಬಿಲ್ಲು ಹಿಡಿಯುವ ಸ್ವಾತಂತ್ರ್ಯ ಬೇಕೆನ್ನುವ ಹೆಣ್ಣು ಅಷ್ಟೇನಾ? ಇವು ಮೂರೂ ಬೇರೆ ಬೇರೆ ಬದುಕು. ಮೂರನ್ನೂ ಕಲಸಿದರೆ ಯಾರಿಗೂ ತನ್ನದು ಅನ್ನಿಸುವುದಿಲ್ಲ. ಪಾತ್ರಕ್ಕೇ ಇನ್ನೂ ಗೊತ್ತಾಗಿಲ್ಲ ಅಂತ ಬೇಕಾದರೆ ಇಡಿ, ಅದೂ ಸತ್ಯವೇ. ಆದರೆ ಬರೆಯುವವರಿಗೆ ಗೊತ್ತಿರಬೇಕು.

ಪದ್ಯ ಮುಟ್ಟಬೇಡಿ, ಅರ್ಥದಲ್ಲಿ ಕೆಲಸ ಮಾಡಿ

ಇಂಥ ಕೆಲಸಕ್ಕೆ ತಾಳಮದ್ದಲೆಯಷ್ಟು ಒಳ್ಳೆಯ ಜಾಗ ನನಗೆ ಬೇರೆ ಗೊತ್ತಿಲ್ಲ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಪಂಚೆ, ಶಾಲು ಹಾಕಿಕೊಂಡ ಮೀಸೆಯ ಗಂಡಸು ಸೀತೆಯ ಅರ್ಥ, ಅಂದರೆ ಪದ್ಯದ ಮೇಲೆ ಆ ಪಾತ್ರವಾಗಿ ಆಡುವ ಮಾತು, ಹೇಳುತ್ತಾರೆ, ನಾವು ಸೀತೆಯನ್ನೇ ಕಾಣುತ್ತೇವೆ. ಹೆಂಗಸರ ಕೂಟಗಳಲ್ಲಿ ರಾವಣನೂ ಹಾಗೇ ಬರುತ್ತಾನೆ. ದೇಹ ಒಂದು, ಪಾತ್ರ ಇನ್ನೊಂದು ಅನ್ನುವುದನ್ನು ನಮ್ಮ ಪ್ರೇಕ್ಷಕರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅದು ಬದಲಾಗುವುದಿಲ್ಲ. ಅರ್ಥ ಮಾತ್ರ ಆ ದಿನ ಕೂತವರದ್ದು. ಕೌರವನ ಪರವಾಗಿ ಇಡೀ ರಾತ್ರಿ ವಾದ ಮಾಡಿ ಜನರಿಂದ ಭೇಷ್ ಅನ್ನಿಸಿಕೊಂಡ ಅರ್ಥಧಾರಿಗಳ ನಾಡಿದು. ಚಿತ್ರಾಂಗದೆಯ ಪರವಾಗಿ ವಾದ ಮಾಡಲು ಯಾಕೆ ಆಗಬಾರದು?

ಹಾಗಾಗಿ ಹೊಸ ಪ್ರಸಂಗ, ಅಂದರೆ ಆಟಕ್ಕೆ ಬೇಕಾದ ಪದ್ಯಗಳ ಕತೆ, ಬರೆಯುವ ಗೋಜಿಗೆ ಮೊದಲ ಸಲ ಹೋಗಬೇಡಿ. ಇರುವ ಬಭ್ರುವಾಹನ ಕಾಳಗದಿಂದಲೇ ನಾಲ್ಕೈದು ಪದ್ಯ ಆರಿಸಿ, ಅದರಲ್ಲೂ ತಾಯಿಯ ಬಾಯಿಗೆ ಬರುವ ಪದ್ಯ ಬಿಡಬೇಡಿ. ಭಾಗವತರ ಹತ್ತಿರ ಮೊದಲೇ ಕೂತು ಮಾತಾಡಿ, ಯಾವ ಪದ್ಯದ ಮೇಲೆ ಏನು ಹೇಳುತ್ತೀರಿ ಅಂತ ಪೂರ್ತಿ ಹೇಳಿ. ಮುಚ್ಚಿಟ್ಟು ಕೂಟದಲ್ಲಿ ತಟ್ಟನೆ ತೆಗೆಯುವುದು ಅವರಿಗೆ ಮಾಡುವ ಅವಮಾನ. ಎದುರಿನ ಅರ್ಥಧಾರಿಗೂ ಅಷ್ಟೇ. ಅರ್ಜುನನಾಗಿ ಕೂರುವವರು ನಿಮ್ಮ ವಾದವನ್ನು ಒಪ್ಪಬೇಕಾಗಿಲ್ಲ, ನಿಜ ಹೇಳಬೇಕೆಂದರೆ ಒಪ್ಪದವರೇ ಒಳ್ಳೆಯದು, ಆದರೆ ಪಾತ್ರವನ್ನು ಹಂಗಿಸಿ ನಗಿಸುವವರಾಗಬಾರದು.

ಪೀಠಿಕೆಯಲ್ಲಿ ಚಿತ್ರಾಂಗದೆ ತನ್ನ ಬಾಲ್ಯ ಹೇಳಲಿ. ಸಿದ್ಧಾಂತ ಬೇಡ. ಲಿಂಗತ್ವ, ಅಸ್ಮಿತೆ ಇಂಥ ಮಾತುಗಳನ್ನು ಕರಪತ್ರದಲ್ಲಿ ಇಟ್ಟುಕೊಳ್ಳಿ, ಅವಳ ಬಾಯಿಗೆ ಹಾಕಬೇಡಿ. ಅವಳ ಮಾತು ಹೇಗಿರಬಹುದು ಅಂತ ತೋರಿಸಲು ನಾನೇ ಬರೆದ ಒಂದು ತುಣುಕು ಕೊಡುತ್ತೇನೆ, ಬೇಕಾದರೆ ಬಳಸಿಕೊಳ್ಳಿ:

ಅರ್ಜುನ: ರಾಜಕುಮಾರಿ, ನಿನ್ನ ತಂದೆ ನಿನ್ನನ್ನು ಮಗ ಎನ್ನುತ್ತಾರೆ. ಹಾಗಾದರೆ ನಾನು ಕೈ ಹಿಡಿಯುವುದು ಯಾರನ್ನು?

ಚಿತ್ರಾಂಗದೆ: ಪಾರ್ಥ, ಇದನ್ನು ನನ್ನ ತಂದೆಯೂ ನನ್ನಲ್ಲಿ ಕೇಳಲಿಲ್ಲ. ಮಗ ಎಂದರು, ಕೈಗೆ ಬಿಲ್ಲು ಕೊಟ್ಟರು. ನೀನು ಬಂದೆ, ಮಗಳು ಎಂದರು, ನಿನ್ನ ಕೈಗೆ ನನ್ನನ್ನು ಕೊಟ್ಟರು. ಎರಡು ಸಲವೂ ಕೊಟ್ಟವರು ಅವರು. ನನಗೆ ಏನು ಬೇಕಿತ್ತು ಎಂದು ಕೇಳುವ ಮೊದಲನೆಯವನು ನೀನಾಗು.

ಮೂರನೆಯ ದಾರಿ ಹಿಡಿದವರಿಗೆ ಅಶ್ವಮೇಧದ ಸಂದರ್ಭದಲ್ಲಿ, ಅರ್ಜುನ ಎದ್ದು ಕೂತ ಮೇಲೆ:

ಚಿತ್ರಾಂಗದೆ: ವಿರಾಟನ ಮನೆಯಲ್ಲಿ ಒಂದು ವರ್ಷ ಬಳೆ ತೊಟ್ಟಿದ್ದೆಯಂತೆ. ವರ್ಷ ಮುಗಿದ ದಿನ ಅದನ್ನು ತೆಗೆದಿಟ್ಟೆಯಲ್ಲ, ಆಗ ಕೈ ಹಗುರವಾಯಿತೋ, ಬರಿದಾಯಿತೋ?

ಇದಕ್ಕೆ ಅರ್ಜುನನ ಉತ್ತರವನ್ನು ನೀವು ಬರೆದುಕೊಡಬೇಡಿ. ಆ ಅರ್ಥಧಾರಿಗೇ ಬಿಡಿ. ಒಳ್ಳೆಯ ಕಲಾವಿದರಾದರೆ ಇಡೀ ಕೂಟ ಆ ಉತ್ತರದ ಮೇಲೆ ನಿಲ್ಲುತ್ತದೆ.

ನಾಟಕ ಮಾಡುವವರು ಕುರೂಪಾ-ಸುರೂಪಾ ಉಪಾಯವನ್ನು ತಿರುಗಿಸಿ ನೋಡಬಹುದು. ಇಬ್ಬರು ನಟರು, ಆದರೆ ಒಬ್ಬರು ಚೆಂದ ಇನ್ನೊಬ್ಬರು ಕುರೂಪ ಅಂತ ಅಲ್ಲ. ಅರ್ಜುನ ನೋಡುವ ಚಿತ್ರಾಂಗದೆ ಒಬ್ಬರು, ಯಾರೂ ನೋಡದಾಗ ಇರುವ ಚಿತ್ರಾಂಗದೆ ಇನ್ನೊಬ್ಬರು. ಟಾಗೋರರ ಕೊನೆಯನ್ನೂ ಸುಮ್ನೆ ದಾಟಿಸಬೇಡಿ. ಅಲ್ಲಿ ಅವಳು ಬಸುರಿ, ಹುಟ್ಟುವ ಮಗನನ್ನು ಎರಡನೆಯ ಅರ್ಜುನನಾಗಿ ಬೆಳೆಸುತ್ತೇನೆ ಅನ್ನುತ್ತಾಳೆ. ಅವಳನ್ನು ಟ್ರಾನ್ಸ್ ಗಂಡಸಾಗಿ ಓದುವವರು ಈ ಬಸಿರನ್ನು ಎದುರಿಸಲೇಬೇಕು. ಬಿಟ್ಟುಬಿಟ್ಟರೆ ಸುಲಭ, ಆದರೆ ಮಗು ಹೆತ್ತ ಟ್ರಾನ್ಸ್ ಗಂಡಸರು ನಿಜವಾಗಿ ಇದ್ದಾರೆ, ಇದು ಅವರ ಕತೆ ಕೂಡ.

ಪೋಸ್ಟರ್, ಹಕ್ಕು, ಮತ್ತು ಜನ

ಅರ್ಧ ಮುಖ ಮೀಸೆ, ಅರ್ಧ ಮುಖ ಮೂಗುತಿ, ಈ ಚಿತ್ರ ಸಾಕಾಗಿಹೋಗಿದೆ. ಕ್ವಿಯರ್ ಬದುಕು ಎರಡು ಅರ್ಧ ಅಲ್ಲ. ಬರ್ಲಿನ್ನಿನ ಮ್ಯೂಸಿಯಮ್ಮಿನಲ್ಲಿ ಕ್ರಿಸ್ತಪೂರ್ವ 500ರ ಹೊತ್ತಿನ ಒಂದು ಗ್ರೀಕ್ ಬಟ್ಟಲಿದೆ. ಅದರೊಳಗೆ ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲೀಸ್ ತನ್ನ ಗೆಳೆಯ ಪ್ಯಾಟ್ರೊಕ್ಲಸ್‌ನ ತೋಳಿನ ಗಾಯಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ಇಬ್ಬರ ಮಧ್ಯೆ ಇದ್ದದ್ದು ಸ್ನೇಹವೋ ಪ್ರೇಮವೋ ಅಂತ ಪ್ಲೇಟೋ ಕಾಲದಿಂದಲೂ ಮಾತಾಡುತ್ತಲೇ ಇದ್ದಾರೆ, ಚಿತ್ರ ಮಾತ್ರ ಒಂದು ಸಣ್ಣ ಕೆಲಸ ತೋರಿಸಿ ಸುಮ್ಮನಾಗುತ್ತದೆ. ಆ ದಾರಿ ಹಿಡಿಯಿರಿ. ಹೆದೆಯ ಕಲೆ ಇರುವ ತೋಳು, ಅದರ ಮೇಲೆ ಬಳೆ. ಅಷ್ಟೇ ಸಾಕು. ಚಿತ್ರಾಂಗದಾ ಮೊದಲು ಅಚ್ಚಾದಾಗ ಅವನೀಂದ್ರನಾಥ ಟಾಗೋರರು ಅದಕ್ಕೆ ಚಿತ್ರ ಬರೆದಿದ್ದರು. ಸಿಕ್ಕರೆ ನೋಡಿ.

ಹಕ್ಕಿನ ವಿಷಯ ಚಿಕ್ಕದಾಗಿ. ಟಾಗೋರರ ಬರಹಗಳ ಕಾಪಿರೈಟ್ 2001ರ ಕೊನೆಗೆ ಮುಗಿದಿದೆ, ಮೂಲವನ್ನು ಧೈರ್ಯವಾಗಿ ಬಳಸಬಹುದು. ಆದರೆ ಇತ್ತೀಚಿನ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಇರುತ್ತದೆ. ಇವತ್ತಿನ ಪ್ರಸಂಗಕರ್ತರ ಪದ್ಯವಾದರೆ ಕೇಳಿ, ಹೆಸರು ಹಾಕಿ. ಸಿನಿಮಾದ ಸಂಭಾಷಣೆ ಎತ್ತಬೇಡಿ.

ಇನ್ನು ಜನ. ಸ್ತ್ರೀವೇಷ ಮಾಡುವ ಕಲಾವಿದರನ್ನು ನೋಡಿ ಇವರೂ ಹಾಗೇ ಇರಬೇಕು ಅಂತ ಊಹಿಸುವುದು, ಅದನ್ನು ವೇದಿಕೆಯಲ್ಲಿ ಆಡುವುದು ತಪ್ಪು. ವೇಷ ಅವರ ವಿದ್ಯೆ, ಬದುಕು ಅವರದು. ನಿಮ್ಮ ತಂಡದಲ್ಲಿ ಕ್ವಿಯರ್ ಆಗಿರುವವರು ಇದ್ದರೆ ಅದನ್ನು ಹೇಳಬೇಕೋ ಬೇಡವೋ ಅವರೇ ತೀರ್ಮಾನಿಸಲಿ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಿದೆ, ಆದರೆ ಕುಮಟಾದ ಮನೆಯೊಂದರಲ್ಲಿ ಅಪ್ಪ-ಅಮ್ಮನ ಎದುರು ನಿಲ್ಲಬೇಕಾದ ಹುಡುಗಿಗೆ ತೀರ್ಪು ಜೊತೆಗೆ ಬರುವುದಿಲ್ಲ. ಫೋಟೋ, ವಿಡಿಯೋ ಹಾಕುವ ಮೊದಲು ಪ್ರತಿಯೊಬ್ಬರನ್ನೂ ಕೇಳಿ. ಬರೆದದ್ದನ್ನು ಟ್ರಾನ್ಸ್ ಅಥವಾ ಸಲಿಂಗಿ ಓದುಗರೊಬ್ಬರಿಗೆ ಕೊಟ್ಟು ಓದಿಸಿ, ಅವರ ಸಮಯಕ್ಕೆ ದುಡ್ಡು ಕೊಡಿ. ಬೃಹನ್ನಳೆಯ ಹೆಸರು ಬಂದಾಗ ಯಾರಾದರೂ ನಗಿಸಲು ಕೈ ತಿರುಗಿಸಿ ನಡೆದು ತೋರಿಸಿದರೆ ಅಭ್ಯಾಸದಲ್ಲೇ ನಿಲ್ಲಿಸಿ. ಸಭೆಯಲ್ಲಿ ಕೂತ ಒಂದು ಮಗುವಾದರೂ ಆ ನಗು ತನ್ನ ಮೇಲೆ ಅಂದುಕೊಳ್ಳುತ್ತದೆ.

ಹಿಂದಿನ ಕಾಲದಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದರು ಅಂತಲೂ ಘೋಷಣೆ ಮಾಡಬೇಡಿ. ವ್ಯಾಸರಲ್ಲಿ ಚಿತ್ರಾಂಗದೆಯನ್ನು ಯಾರೂ ಕೇಳಿಯೇ ಇಲ್ಲ, ಅದನ್ನು ಈಗಷ್ಟೇ ನೋಡಿದೆವು.

ಮೊದಲ ಕೂಟ ದೊಡ್ಡ ಸಭಾಂಗಣದಲ್ಲಿ ಬೇಡ. ಯಾರದ್ದಾದರೂ ಮನೆಯ ಜಗಲಿಯಲ್ಲಿ, ಒಂದೂವರೆ ತಾಸಿನದ್ದು, ಗೊತ್ತಿರುವ ಜನರ ಎದುರು ಇಡಿ. ಮುಗಿದ ಮೇಲೆ ಚಹಾ ಕೊಟ್ಟು ಮಾತಿಗೆ ಬಿಡಿ, ಮುಖ್ಯವಾಗಿ ಹಿರಿಯರ ತಕರಾರು ಬರೆದುಕೊಳ್ಳಿ. ಈ ಮಾತಿಗೆ ಪದ್ಯದಲ್ಲಿ ಆಧಾರ ಎಲ್ಲಿ ಅಂತ ಕೇಳಿದರೆ ಅದು ಸರಿಯಾದ ಪ್ರಶ್ನೆ, ಮುಂದಿನ ಸಲಕ್ಕೆ ಆಧಾರ ಹುಡುಕಿ ಅಥವಾ ಆ ಮಾತು ಬಿಡಿ. ಎರಡು ಮೂರು ಕೂಟ ಆಗಿ ಕೈ ಕುದುರಿದ ಮೇಲೆ ಪ್ರಮೀಳೆಯ ಕಡೆ ಹೋಗಬಹುದು. ಅವಳೂ ಜೈಮಿನಿ ಭಾರತದವಳೇ, ಹೆಂಗಸರೇ ಇರುವ ರಾಜ್ಯದ ರಾಣಿ, ಅದೇ ಅಶ್ವಮೇಧದ ಕುದುರೆ ಕಟ್ಟಿದವಳು. ಅವಳ ರಾಜ್ಯದ ಹೆಂಗಸರು ಒಬ್ಬರಿಗೊಬ್ಬರು ಏನಾಗಿದ್ದರು ಅನ್ನುವುದರಿಂದ ಶುರು ಮಾಡಿ.